ಗೊತ್ತಿಲ್ಲ ಅನ್ನುವವರ ಮನೆ

"ನನಗೆ ಅಸಲಿ ಸಿಗುತ್ತೋ ನಕಲಿ ಸಿಗುತ್ತೋ, ನಿಮಗಾದ್ರೂ ಗೊತ್ತಿರುತ್ತೆ ತಾನೇ?" ಎಂದು ಟೈಲರಕ್ಕ ಕೇಳಿದಳು.

"ಇಲ್ಲಮ್ಮ. ನನಗೂ ಗೊತ್ತಿರಲ್ಲ," ಎಂದರು ಡಾಕ್ಟರಮ್ಮ.

"ತಲೆ ಮೇಲೆ ಆ ಟೋಪಿ ಇಡೋ ಹುಡುಗಿಗೆ?"

"ಅವಳಿಗೂ ಇಲ್ಲ."

"ಮತ್ತೆ ಯಾರಿಗೆ ಗೊತ್ತು?"

"ಕಂಪ್ಯೂಟರಿಗೆ. ಚೀಟಿ ಎತ್ತಿದ ಹಾಗೆ ಅದೇ ಎತ್ತಿ, ಅದೇ ಬಚ್ಚಿಟ್ಟುಕೊಳ್ಳುತ್ತೆ. ಅರ್ಧ ಜನಕ್ಕೆ ಅಸಲಿ ಟೋಪಿ, ಅರ್ಧ ಜನಕ್ಕೆ ನಕಲಿ. ಎರಡೂ ಒಂದೇ ಥರ ಕಾಣುತ್ತೆ, ಒಂದೇ ಥರ ಸದ್ದು ಮಾಡುತ್ತೆ. ನೂರಾ ಇಪ್ಪತ್ತು ಜನರದ್ದೂ ಮುಗಿದ ಮೇಲೆ ಬೀಗ ತೆಗೆದು ನೋಡ್ತೀವಿ. ಅದಕ್ಕಿನ್ನೂ ಎರಡು ವರ್ಷ ಇದೆ."

ಟೈಲರಕ್ಕ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದಳು. ಅವನು ತೊಡೆಯ ಮೇಲೆ ಚೀಲ ಇಟ್ಟುಕೊಂಡು, ತಪ್ಪು ಬಸ್ಸು ಹತ್ತಿದವನ ಹಾಗೆ ಕೂತಿದ್ದ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ರಿಟೈರ್ ಆದ ಮನುಷ್ಯ. ಊರವರೆಲ್ಲ ಅವನನ್ನು ಎನ್‌ಕ್ವೈರಿ ಎಂದೇ ಕರೆಯುತ್ತಿದ್ದರು. ಆ ಅಂಗೈಯಗಲದ ಕಿಂಡಿಯಿಂದ ಒಂದು ದಿನವೂ 'ಗೊತ್ತಿಲ್ಲ' ಎಂಬ ಮಾತು ಹೊರಗೆ ಬಿದ್ದದ್ದಿಲ್ಲ ಎಂಬುದು ಅವನ ಹೆಮ್ಮೆ. ಬಸ್ಸು ಎಲ್ಲಿ ಕೆಟ್ಟು ನಿಂತಿದೆಯೋ ತಿಳಿಯದಿದ್ದಾಗಲೂ "ಬರುತ್ತೆ, ಕೂತ್ಕೊಳ್ಳಿ" ಎನ್ನುತ್ತಿದ್ದ. ಕೂತವರಿಗೆ ಅಷ್ಟರಿಂದಲೇ ಸಮಾಧಾನವಾಗುತ್ತಿತ್ತು.

ಇಲ್ಲಿ ನೋಡಿದರೆ, ಗೋಡೆ ತುಂಬ ಸರ್ಟಿಫಿಕೇಟು ನೇತುಹಾಕಿಕೊಂಡ ಹೆಂಗಸು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹೇಳಿ, ಮುಖದ ನಗು ಎಳ್ಳಷ್ಟೂ ಕೆಡಿಸಿಕೊಳ್ಳದೆ ಕೂರುತ್ತಾರೆ. ಗಡಿಯಾರ ಒಂದು ಗಂಟೆ ತೋರಿಸಿತು. "ನೀವಿಬ್ಬರೂ ಮಾತಾಡಿಕೊಳ್ಳಿ. ಬೇಡ ಅನ್ನಿಸಿದ್ರೆ ಬೇಡ. ಸೇರಿದ ಮೇಲೂ ಯಾವತ್ತು ಬೇಕಾದ್ರೂ ಬಿಡಬಹುದು," ಎಂದು ಡಾಕ್ಟರಮ್ಮ ಎದ್ದು ಹೋದರು.

"ಗೊತ್ತಿಲ್ಲ ಅಂದ್ಬಿಟ್ಟು ಊಟಕ್ಕೆ ಹೋದ್ರಲ್ಲರೀ," ಎಂದಳು ಟೈಲರಕ್ಕ.

"ಹಸಿದಿರಬೇಕು," ಎಂದ ಗಂಡ.

"ನನಗೆ ಒಂದು ಗೊತ್ತಾಗಲಿಲ್ಲ ಅಂದ್ರೆ ತುತ್ತು ಗಂಟಲಲ್ಲೇ ನಿಲ್ಲುತ್ತೆ. ಅವರಿಗೆ ಹೇಗೆ ಇಳಿಯುತ್ತೆ?"

ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಹನ್ನೊಂದು ವರ್ಷದಿಂದ ಅವಳು ತುತ್ತು ಇಳಿಯದೆ ಬದುಕಿದವಳು.

ಅವಳ ಅಂಗಡಿ ಬಸ್ ನಿಲ್ದಾಣದ ಗೋಡೆಗೆ ಅಂಟಿಕೊಂಡ ಒಂದು ಕೋಣೆ. ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಮಕ್ಕಳನ್ನು ನಿಲ್ಲಿಸಿ ಅಳತೆ ತೆಗೆಯಲು ಒಂದು ಮಣೆ. ಮಕ್ಕಳ ಬಟ್ಟೆಗೆ ಅವಳ ಕೈಯೇ ಕೈ ಎಂದು ಹೆಸರಿತ್ತು. ಕಂಕುಳಲ್ಲಿ ಒತ್ತುವುದಿಲ್ಲ, ಕುತ್ತಿಗೆಯಲ್ಲಿ ಕೆರೆಯುವುದಿಲ್ಲ, ಓಡುವಾಗ ಕಾಲಿಗೆ ತೊಡರುವುದಿಲ್ಲ. ಹಾಗಿದ್ದವಳಿಗೆ ಒಂದು ಮಧ್ಯಾಹ್ನ, ಒಂದು ಪುಟ್ಟ ಅಂಗಿಯ ಅಂಚು ಮಡಿಸುತ್ತಿದ್ದಾಗ, ಇದರೊಳಗೆ ಒಂದು ಗುಂಡುಸೂಜಿ ಉಳಿದುಬಿಟ್ಟಿದ್ದರೆ ಎನ್ನಿಸಿತು. ಅಂಥ ಯೋಚನೆ ಯಾವ ದರ್ಜಿಗೆ ತಾನೇ ಬರುವುದಿಲ್ಲ? ಕೈಯಾಡಿಸಿ ನೋಡಿದಳು, ಇರಲಿಲ್ಲ. ಸರಿಯಾಗಿ ನೋಡಿದೆನೇ ಎನ್ನಿಸಿತು. ಮತ್ತೆ ನೋಡಿದಳು. ಆ ದಿನ ಎರಡು ಸಲಕ್ಕೆ ಮುಗಿದದ್ದು ವರ್ಷ ತುಂಬುವಷ್ಟರಲ್ಲಿ ಏಳು ಸಲಕ್ಕೆ ಬಂದು ನಿಂತಿತು. ಒಳಗಿನಿಂದೊಮ್ಮೆ, ಹೊರಗಿನಿಂದೊಮ್ಮೆ ಅಂಗೈ ಎಳೆಯುವುದು. ಆಮೇಲೆ ಲಾಳದಾಕಾರದ ಅಯಸ್ಕಾಂತವನ್ನು ಒಂದೊಂದು ಹೊಲಿಗೆಯ ಮೇಲೂ ನಡೆಸುವುದು. ಆಮೇಲೆ ಡಬ್ಬಿಯ ಗುಂಡುಸೂಜಿಗಳನ್ನು ಎಣಿಸುವುದು. ನಡುವೆ ಯಾರಾದರೂ "ಅಕ್ಕಾ" ಎಂದರೆ ಮೊದಲಿನಿಂದ. ಯಾವ ಮಗುವಿಗೂ ಯಾವತ್ತೂ ಒಂದು ಸೂಜಿ ಚುಚ್ಚಿದ್ದಿಲ್ಲ. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಳ್ಳುವುದು ಎನ್ನುತ್ತಾರಲ್ಲ, ಅದೇ. ಗಾಳಿ ಎಂದು ತಿಳಿದೂ ಗುದ್ದದೆ ಇರಲು ಆಗದಿರುವುದೇ ಅವಳ ಕಷ್ಟ.

ಏಳು ಸಲ ಆದಮೇಲೆ ಗಂಡನ ಸರದಿ. ಬಟ್ಟೆಯನ್ನು ಅವನ ಮುಂದೆ ಹಿಡಿಯುತ್ತಿದ್ದಳು. ಅವನು ಕನ್ನಡಕ ತೆಗೆದಿಟ್ಟು, ಮಡಿಸಿದ ಅಂಗಿಯನ್ನು ಕೆನ್ನೆಗೆ ಒತ್ತಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಜ್ಜಿ, "ಇಲ್ಲ, ಏನೂ ಇಲ್ಲ," ಎನ್ನುತ್ತಿದ್ದ. ಬೆರಳು ದಪ್ಪಗಾಗಿರಬಹುದು, ಕೆನ್ನೆ ಸುಳ್ಳು ಹೇಳುವುದಿಲ್ಲ ಎಂದು ಅವನೇ ಕಂಡುಹಿಡಿದ ಉಪಾಯ ಅದು. ಕಿಟಕಿಯ ಹಿಂದಿನ ಅದೇ ದನಿ. ಮೊದಮೊದಲು ಆ ಮಾತಿನಿಂದ ಎರಡು ದಿನ ನೆಮ್ಮದಿ ಇರುತ್ತಿತ್ತು. ಆಮೇಲೆ ಒಂದು ದಿನ, ಒಂದು ಗಂಟೆ. ಈಚೆಗೆ ಅವನ ಬಾಯಿ ಮುಚ್ಚುವ ಮುಂಚೆಯೇ ಸಮಾಧಾನ ತೀರಿಹೋಗುತ್ತಿತ್ತು.

ಹೊಲಿದು ಮುಗಿದ ಬಟ್ಟೆಗಳು ಸರಳಿನ ಮೇಲೆ ನೇತಾಡುತ್ತ ಉಳಿದವು. "ಅಕ್ಕಾ, ನನ್ನ ಮಗಳ ಫ್ರಾಕು ಅವಳ ಮದುವೆ ಹೊತ್ತಿಗಾದ್ರೂ ಬರುತ್ತಾ?" ಎಂದು ಪಕ್ಕದ ಬೀದಿಯ ಬಡಗಿ ಕೇಳಿದರೆ, "ಮದುವೆಗೆ ಬೇರೆ ಅಳತೆ ಬೇಕಾಗುತ್ತಪ್ಪ," ಎಂದು ಅವಳೂ ನಗುತ್ತಿದ್ದಳು. ನಗು ಅಂಗಡಿಯ ಬಾಗಿಲಿನವರೆಗೆ ಮಾತ್ರ.

ಕೊಟ್ಟ ಬಟ್ಟೆಯನ್ನು ವಾಪಸು ಕೇಳಲು ಹೋಗತೊಡಗಿದ ಮೇಲೆ ಮರ್ಯಾದೆಯೂ ಹೋಯಿತು. ಒಂದು ಬೆಳಿಗ್ಗೆ ಶಾಲೆಗೇ ನುಗ್ಗಿದಳು. ಮಕ್ಕಳು ಸಾಲಾಗಿ ನಿಂತಿದ್ದರು. ಬಡಗಿಯ ಮಗಳನ್ನು ಸಾಲಿನಿಂದ ಎಳೆದು, ಗುಂಡಿ ಬಿಚ್ಚಿ, ಹಿಂದಿನ ಸಂಜೆಯಷ್ಟೇ ಕೊಟ್ಟಿದ್ದ ಯೂನಿಫಾರ್ಮನ್ನು ಮೈಮೇಲಿಂದ ತೆಗೆದು, ಅಲ್ಲೇ ನೆಲದ ಮೇಲೆ ಕೂತು ತಡಕಿದಳು. ಮಗು ಒಳಬಟ್ಟೆಯಲ್ಲಿ, ಎರಡು ಕೈ ಎದೆಗೆ ಅಡ್ಡ ಕಟ್ಟಿಕೊಂಡು ನಿಂತಿತ್ತು. ಅಳಲಿಲ್ಲ. ಅತ್ತಿದ್ದರೆ ಟೈಲರಕ್ಕ ಅದನ್ನು ಮರೆಯುತ್ತಿದ್ದಳೇನೋ. ಸೂಜಿ ಇರಲಿಲ್ಲ.

ಬಯ್ಯಲು ಬಂದ ಟೀಚರು ಅವಳು ಅದೇ ಅಂಚನ್ನು ಮತ್ತೆ ಮತ್ತೆ ತಡಕುವುದನ್ನು ನೋಡಿ ಬಯ್ಯಲಿಲ್ಲ. ಪಕ್ಕಕ್ಕೆ ಕರೆದು, "ನನ್ನ ತಮ್ಮನಿಗೂ ಹೀಗೇ ಇತ್ತು. ಅವನದ್ದು ಗ್ಯಾಸಿನ ಒಲೆ. ಇದಕ್ಕೆ ಗೀಳಿನ ಕಾಯಿಲೆ ಅಂತಾರೆ," ಎಂದು ಒಂದು ಚೀಟಿಯಲ್ಲಿ ಆಸ್ಪತ್ರೆಯ ವಿಳಾಸ ಬರೆದುಕೊಟ್ಟರು.

"ಇದಕ್ಕೆ ಹೆಸರಿದೆಯಾ?" ಎಂದು ಟೈಲರಕ್ಕ ಆ ಚೀಟಿಯನ್ನೇ ನೋಡುತ್ತ ಕೇಳಿದ್ದಳು. ಹೆಸರಿದೆ ಎಂದರೆ ಕರೆದವರಿದ್ದಾರೆ. ಕರೆದವರಿದ್ದಾರೆ ಎಂದರೆ ಇದು ತನ್ನೊಬ್ಬಳದ್ದಲ್ಲ.

ಒಂದು ವರ್ಷ ಮಾತ್ರೆ ನುಂಗಿದಳು. ಏಳು ಸಲದ್ದು ನಾಲ್ಕಕ್ಕೆ ಇಳಿಯಿತು. ನಾಲ್ಕರಿಂದ ಕೆಳಗೆ ಇಳಿಯಲಿಲ್ಲ. ಆಮೇಲೆ ಈ ಸಂಶೋಧನೆಯ ಸುದ್ದಿ. ತಲೆಯ ಮೇಲೆ ಒಂದು ಟೋಪಿ ಇಟ್ಟು, ಅಯಸ್ಕಾಂತದ ಶಕ್ತಿಯಿಂದ ಮಿದುಳನ್ನು ಹೊರಗಿನಿಂದಲೇ ತಟ್ಟುತ್ತಾರಂತೆ. ಜೊತೆಗೆ, ಭಯ ಬಂದಾಗ ನೋಡದೆ, ಕೇಳದೆ ಇರುವ ಅಭ್ಯಾಸ ಮಾಡಿಸುತ್ತಾರಂತೆ. ಹೊಲಿಯುವುದನ್ನು ಬಿಡಬೇಕು, ಇಲ್ಲವೆ ಹೊಲಿದದ್ದನ್ನು ಕೈಬಿಡುವುದು ಕಲಿಯಬೇಕು. ಮೂರನೆಯ ದಾರಿ ಅವಳಿಗೆ ಉಳಿದಿರಲಿಲ್ಲ.

ಡಾಕ್ಟರಮ್ಮ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದರು.

"ನನಗೆ ನಕಲಿ ಬಂದ್ರೆ ಆರು ವಾರ ಬಂದದ್ದು ನೀರಲ್ಲಿ ಹೋಮ ಮಾಡಿದ ಹಾಗಲ್ವಾ?" ಎಂದಳು ಟೈಲರಕ್ಕ.

"ಕೊನೆಗೆ ನಕಲಿ ಬಂದಿತ್ತು ಅಂತಾದ್ರೆ, ಆವಾಗ ಬೇಕಿದ್ರೆ ಅಸಲಿ ಕೊಡ್ತೀವಿ. ಆದ್ರೆ ನಕಲಿ ಹಾಕ್ಕೊಂಡೋರೇ ಇಲ್ಲದಿದ್ರೆ, ಅಸಲಿಯಿಂದ ಉಪಯೋಗ ಆಯ್ತೋ, ಸುಮ್ಮನೆ ದಿನಾ ಬಂದು ಮಾತಾಡಿದ್ದರಿಂದ ಆಯ್ತೋ, ಯಾರಿಗೂ ತಿಳಿಯಲ್ಲ."

ಟೈಲರಕ್ಕ ಸೆರಗಿನ ಅಂಚನ್ನು ಗೇಣು ಹಾಕಿ ಅಳೆದಳು. ಆಮೇಲೆ, "ಹೊಸ ಬಟ್ಟೆ ಕುಗ್ಗುತ್ತಾ ಅಂತ ನೋಡೋಕೆ ನಾವು ಎರಡು ತುಂಡು ಕತ್ತರಿಸ್ತೀವಿ," ಎಂದಳು. "ಒಂದನ್ನ ನೀರಲ್ಲಿ ಅದ್ದೋದು, ಒಂದನ್ನ ಒಣಗಿದ್ದೇ ಇಡೋದು. ಒಣಗಿದ್ದು ಇಲ್ಲದಿದ್ರೆ ಅದ್ದಿದ್ದನ್ನ ಯಾವುದರ ಮೇಲೆ ಇಟ್ಟು ಅಳೀತೀವಿ?"

"ಅದೇ," ಎಂದರು ಡಾಕ್ಟರಮ್ಮ. "ನೀವು ಯಾವ ತುಂಡು ಅಂತ ಮಾತ್ರ ನಿಮಗೆ ಹೇಳಲ್ಲ."

ಹತ್ತೊಂಬತ್ತು ಪುಟದ ಕಾಗದಕ್ಕೆ ಅವಳು ಸಹಿ ಹಾಕಿದಳು. ಎಪ್ಪತ್ತೊಂದನೆಯವಳು ಎಂದು ಬರೆದುಕೊಂಡರು. ಹಾಕಿದ ಸಹಿಯನ್ನು ಇನ್ನೊಂದು ಸಲ ನೋಡಲು ಕೈ ಚಾಚುವಷ್ಟರಲ್ಲಿ ಡಾಕ್ಟರಮ್ಮ ಕಾಗದವನ್ನು ಮೃದುವಾಗಿ ಎಳೆದುಕೊಂಡು ಡ್ರಾಯರಿಗೆ ಹಾಕಿದರು.

ಟೋಪಿಗೆ ಮೊದಲು ಮಿದುಳಿನ ಚಿತ್ರ ತೆಗೆಯಬೇಕಿತ್ತು. ಸ್ಕ್ಯಾನ್ ಮಾಡುವಾತ ನರೆತ ಮೀಸೆಯ ಮನುಷ್ಯ. ಒಂದು ಪಟ್ಟಿ ಹಿಡಿದು ಕೇಳಿದ: "ಮೈಯಲ್ಲಿ ಎಲ್ಲಾದ್ರೂ ಲೋಹ ಇದೆಯಾ ಅಮ್ಮ? ಆಪರೇಷನ್ನಲ್ಲಿ ಹಾಕಿದ್ದು, ಕಿವಿ ಮೆಷಿನ್ನು, ಕೂದಲ ಪಿನ್ನು?"

"ಸೂಜಿ," ಎಂದಳು ಟೈಲರಕ್ಕ. ನಗುತ್ತಾನೆ ಎಂದುಕೊಂಡು ತಲೆ ತಗ್ಗಿಸಿದಳು. ಆತ ಪೆನ್ನು ಕೆಳಗಿಟ್ಟ.

"ಎಲ್ಲಿ?"

"ಎಡಗೈ ತೋರುಬೆರಳಲ್ಲಿ. ಇಪ್ಪತ್ತು ವರ್ಷ ಆಯ್ತು. ಮೆಷಿನ್ ಸೂಜಿ ಉಗುರಿನ ಮೇಲಿಂದ ಇಳಿದು ಒಳಗೇ ಮುರೀತು. ತೆಗೆಸ್ದೆ. ಪೂರ್ತಿ ಬಂತೋ ಇಲ್ವೋ ಗೊತ್ತಿಲ್ಲ."

"ಪೂರ್ತಿ ಬಂತು. ನಾನೇ ನೋಡಿದ್ದೀನಿ," ಎಂದ ಗಂಡ, ಅಭ್ಯಾಸಬಲದಿಂದ.

"ನೀವೆಲ್ಲಿ ನೋಡಿದ್ರಿ? ರಕ್ತ ನೋಡಿ ತಲೆ ತಿರುಗಿ ಹೊರಗೆ ಬೆಂಚಿನ ಮೇಲೆ ಬಿದ್ದಿದ್ರಿ."

ಸ್ಕ್ಯಾನಿನಾತ ಗಂಭೀರವಾಗಿಯೇ ಇದ್ದ. "ಹೇಳಿದ್ದು ಒಳ್ಳೇದಾಯ್ತು. ಆ ಬಾಗಿಲಾಚೆ ಇರೋದು ಒಂದು ಕೋಣೆಯಷ್ಟು ದೊಡ್ಡ ಅಯಸ್ಕಾಂತ. ಸೂಜಿಮೊನೆಯಷ್ಟಿದ್ರೂ ಎಳೆಯುತ್ತೆ. ಮೊದಲು ಬೆರಳಿನ ಎಕ್ಸ್‌ರೇ ನೋಡೋಣ."

ಹನ್ನೊಂದು ವರ್ಷದಲ್ಲಿ, ಸೂಜಿ ಎಂಬ ಮಾತು ಕೇಳಿ ನಗದ, ಸಿಡುಕದ, ಸಮಾಧಾನವನ್ನೂ ಹೇಳದ ಮೊದಲನೆಯ ಮನುಷ್ಯ ಅವನು. ಅವಳು ಅವನ ಹಿಂದೆ ಬೆರಗಿನಿಂದ ನಡೆದಳು. ಎಕ್ಸ್‌ರೇಯಲ್ಲಿ ಬೆರಳಿನ ಮೂಳೆಗಳು ಒಂದರ ಮೇಲೊಂದು ಇಟ್ಟ, ನೂಲು ಸುತ್ತುವ ಸಣ್ಣ ಬಾಬಿನ್‌ಗಳ ಹಾಗೆ ಬೆಳ್ಳಗೆ ಕಂಡವು. ಬೇರೇನೂ ಇರಲಿಲ್ಲ.

"ಇಲ್ಲ. ಒಳಗೆ ಹೋಗಬಹುದು."

"ಇನ್ನೊಂದ್ಸಲ ತೆಗೀತೀರಾ?"

"ಇಲ್ಲಮ್ಮ."

"ತಪ್ಪಾಗಿದ್ರೆ?"

"ದಿನಾ ಎಷ್ಟೋ ಜನರನ್ನ ಒಳಗೆ ಕಳಿಸ್ತೀನಿ. ಕೇಳ್ತೀನಿ, ನೋಡ್ತೀನಿ, ಬಾಗಿಲು ಹಾಕ್ತೀನಿ."

"ಬಾಗಿಲು ಹಾಕಿದ ಮೇಲೆ ಅನುಮಾನ ಬರಲ್ವಾ?"

ಆತ ಮೀಸೆ ತೀಡಿಕೊಂಡು ನಿಜವಾಗಿಯೂ ಯೋಚಿಸಿದ. "ಬರುತ್ತೆ. ಬಂದು ಹೋಗುತ್ತೆ," ಎಂದ.

ಆ ಕೊಳವೆಯೊಳಗೆ ಮಲಗಿದ್ದಷ್ಟು ಹೊತ್ತೂ ಅವಳು ಆ ಮಾತನ್ನೇ ಮೆಲುಕು ಹಾಕಿದಳು. ಸುತ್ತ ನೂರು ಮೆಷಿನ್ನು ಒಟ್ಟಿಗೆ ಹೊಲಿದಂಥ ಸದ್ದು. ಬೇರೆಯವರಿಗೆ ಅನುಮಾನವೇ ಬರುವುದಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದಳು. ಅವರಿಗೂ ಬರುತ್ತದಂತೆ. ದಾರಿಹೋಕ ನೀರು ಕೇಳಲು ಬಂದ ಹಾಗೆ ಬಂದು, ಕುಡಿದು, ಎದ್ದು ಹೋಗುತ್ತದಂತೆ. ತನ್ನ ಮನೆಯಲ್ಲಿ ಅದು ಹಾಸಿಗೆ ಬಿಚ್ಚಿದೆ.

ಮರುದಿನ ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿದರು. ಅರ್ಧ ಮಾಡಿದ ಹೂಕೋಸಿನ ಹಾಗೆ ಬೂದು ಬಣ್ಣದ ಮಡಿಕೆಗಳು. "ನಾನಾ ಇದು?" ಎಂದಳು ಟೈಲರಕ್ಕ.

"ನೀವೇ. ನೋಡಿ, ಕಣ್ಣಿನ ಮೇಲ್ಭಾಗದಲ್ಲಿ ಇಲ್ಲಿಂದ 'ಏನೋ ಸರಿಯಿಲ್ಲ' ಅನ್ನೋ ಸುದ್ದಿ ಹೊರಟು, ಆಳಕ್ಕೆ ಇಳಿದು, ಸುತ್ತಿ ಬರುತ್ತೆ. ಮಧ್ಯದಲ್ಲಿ ಎಲ್ಲೋ 'ಆಯ್ತು, ಮುಂದೆ ನಡಿ' ಅಂತ ಆಗಬೇಕು. ಈ ಕಾಯಿಲೆ ಇರೋರಲ್ಲಿ ಅದು ಆಗದೆ ಸುದ್ದಿ ಸುತ್ತುತ್ತಲೇ ಇರುತ್ತೆ ಅಂತ ನಮ್ಮ ಅಂದಾಜು. ಒಬ್ಬರ ಚಿತ್ರ ನೋಡಿ ಇದನ್ನ ಹೇಳೋಕಾಗಲ್ಲ. ಸಾವಿರಾರು ಜನರದ್ದು ಒಟ್ಟಿಗೆ ಇಟ್ಟಾಗ ಮಸುಕುಮಸುಕಾಗಿ ಕಾಣುತ್ತೆ."

ಟೈಲರಕ್ಕ ಮುಂದೆ ಬಾಗಿ ನೋಡಿದಳು. "ನಮ್ಮ ಮೆಷಿನ್ನಲ್ಲಿ ಸೂಜಿ ಕೆಳಗೆ ಹಲ್ಲಿರುತ್ತೆ," ಎಂದಳು ಮೆಲ್ಲಗೆ. "ಒಂದು ಹೊಲಿಗೆ ಬಿದ್ದ ಕೂಡ್ಲೆ ಅದು ಬಟ್ಟೆನ ಮುಂದಕ್ಕೆ ತಳ್ಳುತ್ತೆ. ಆ ಹಲ್ಲು ಸವೆದ್ರೆ ಸೂಜಿ ಒಂದೇ ಕಡೆ ಹೊಲೀತಾನೇ ಇರುತ್ತೆ. ನೂಲು ಸರಿಯಾಗಿರುತ್ತೆ, ಸೂಜಿ ಸರಿಯಾಗಿರುತ್ತೆ, ಹೊಲಿಯೋಳೂ ಸರಿಯಾಗಿರ್ತಾಳೆ. ಬಟ್ಟೆ ಮಾತ್ರ ತೂತು."

ಡಾಕ್ಟರಮ್ಮ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಆಮೇಲೆ, "ಇದನ್ನ ನಾನು ಪಾಠ ಮಾಡುವಾಗ ಹೇಳಬಹುದಾ?" ಎಂದರು.

"ಹೇಳಿ. ಹಲ್ಲು ಸವೆದದ್ದು ಟೈಲರ್ ತಪ್ಪಲ್ಲ ಅಂತಾನೂ ಹೇಳಿ."

ಟೋಪಿ ಬಂತು. ವಾರಕ್ಕೆ ಐದು ದಿನ. ತಲೆಯ ಮೇಲೆ ತುಂಬಿದ ಕೊಡ ಹೊತ್ತಷ್ಟು ಭಾರ. ಒಳಗಿನಿಂದ ಮರಕುಟಿಗ ಕುಟ್ಟಿದ ಹಾಗೆ ಟಕಟಕಟಕ. ಹಾಕುವ ಮುಂಚೆ ಪ್ರತಿ ಸಲವೂ ಭಯವನ್ನು ಎಬ್ಬಿಸಬೇಕು ಎಂದು ಟೋಪಿಯ ಹುಡುಗಿ ಹೇಳಿದಾಗ, "ಎಬ್ಬಿಸೋದ್ಯಾಕಮ್ಮ, ಅದು ಮಲಗೋದೇ ಇಲ್ಲ," ಎಂದಳು ಟೈಲರಕ್ಕ. ಹುಡುಗಿ ಒಂದು ಮಗುವಿನ ಅಂಗಿಯನ್ನು ಅವಳ ತೊಡೆಯ ಮೇಲಿಟ್ಟು, "ಮುಟ್ಟಬಹುದು, ತಡಕಬಾರದು," ಎಂದಳು. ಬೆರಳ ತುದಿಗಳು ಇರುವೆ ಮುತ್ತಿದಂತೆ ಚುಳುಚುಳು ಅಂದವು.

ಕಾಯುವ ಬೆಂಚಿನ ಮೇಲೆ ದಿನಾ ಒಬ್ಬ ಲಾರಿ ಡ್ರೈವರು ಸಿಗುತ್ತಿದ್ದ. ಗಾಲಿ ಗುಂಡಿಗೆ ಇಳಿದಾಗಲೆಲ್ಲ ಯಾರ ಮೇಲೋ ಹಾಯಿಸಿಬಿಟ್ಟೆ ಅನ್ನಿಸುತ್ತದಂತೆ.

"ವಾಪಸು ಹೋಗಿ ನೋಡ್ತೀರಾ?" ಎಂದು ಅವಳು ಪಿಸುಗುಟ್ಟಿದಳು.

"ನೋಡದೆ ಇರೋಕಾಗುತ್ತಾ ಅಕ್ಕ? ಹನ್ನೆರಡು ಗಾಲಿ ನಂದು. ನಿಮ್ಮದು ಅಂಗಿ, ಮಗುಚಿ ನೋಡಬಹುದು. ನನಗೆ ತಿರುಗಿಸೋಕೇ ಅರ್ಧ ಮೈಲಿ ಹೋಗಬೇಕು."

ಇಬ್ಬರೂ ನಕ್ಕರು. ಎಷ್ಟು ನಕ್ಕರೆಂದರೆ, ಟೋಪಿಯ ಹುಡುಗಿ ಬಾಗಿಲಿನಿಂದ ಇಣುಕಿ ನೋಡಿದಳು. ತನ್ನದಕ್ಕಿಂತ ದೊಡ್ಡ ಸೂಜಿ ಹುಡುಕುವವನೂ ಈ ಲೋಕದಲ್ಲಿದ್ದಾನೆ ಎಂದು ಟೈಲರಕ್ಕ ಮನೆಗೆ ಹೋಗುವ ದಾರಿಯುದ್ದಕ್ಕೂ ಅಂದುಕೊಂಡಳು.

ಗಂಡನಿಗೂ ಪಾಠವಿತ್ತು. ಡಾಕ್ಟರಮ್ಮ ಅವನನ್ನು ಒಬ್ಬನನ್ನೇ ಕೂರಿಸಿ, "ನೀವು ಕೊಡೋ ಉತ್ತರ ಔಷಧಿ ಅಂದ್ಕೊಂಡಿದ್ದೀರಿ. ಅದು ಕಾಯಿಲೆಯ ಊಟ," ಎಂದಿದ್ದರು. ಅವನು ಹೊರಬಂದಾಗ ಮುಖ ಸಪ್ಪಗಿತ್ತು.

ನಾಲ್ಕನೆಯ ವಾರದ ಒಂದು ಸಂಜೆ ಅವಳು ಒಂದು ಪುಟ್ಟ ಅಂಗಿ ಮುಗಿಸಿದಳು. ಒಂದು ಸಲ ನೋಡಬೇಕು, ಎಲ್ಲ ದರ್ಜಿಗಳೂ ನೋಡುವಷ್ಟು, ಅಷ್ಟೇ ಎಂಬುದು ನಿಯಮ. ನೋಡಿದಳು. ಅಯಸ್ಕಾಂತವನ್ನು ಮೂರನೆಯ ವಾರವೇ ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಬಂದಿದ್ದಳು. ಅಂಗಿ ಮಡಿಸಿದಳು. ಕಾಲು ತಾನಾಗಿ ಗಂಡನ ಕುರ್ಚಿಯ ಕಡೆ ನಡೆಯಿತು.

"ರೀ, ಇದರಲ್ಲಿ ಏನಾದ್ರೂ ಇದೆಯಾ?"

ಅವನು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದ. ಅದರ ಹಿಂದಿನಿಂದ ದನಿ ಬಂತು. "ಗೊತ್ತಿಲ್ಲ."

"ಕೆನ್ನೆಗಿಟ್ಟು ನೋಡಿ."

"ಗೊತ್ತಿಲ್ಲ ಅಂದೆನಲ್ಲ."

"ಮೂವತ್ತೊಂದು ವರ್ಷ ದಾರೀಲಿ ಹೋಗೋ ಬರೋರಿಗೆಲ್ಲ ಕೂಗಿಕೂಗಿ ಹೇಳಿದ್ರಿ. ಕಟ್ಟಿಕೊಂಡವಳಿಗೆ ಹೇಳೋಕೆ ಬಾಯಿ ಬಿದ್ದುಹೋಯ್ತಾ?"

ಅವಳು ಪೇಪರನ್ನು ಕೆಳಕ್ಕೆ ಎಳೆದಳು. ಅವನ ಕಣ್ಣು ತುಂಬಿದ್ದವು. "ಆಯಮ್ಮ ನನ್ನ ಕೈಲಿ ಆ ಮಾತನ್ನ ನಲವತ್ತು ಸಲ ಹೇಳಿಸಿದ್ರು ಕಣೇ," ಎಂದ. "ಹನ್ನೊಂದು ವರ್ಷ ಕೆನ್ನೆ ಕೊಟ್ಟಿದ್ದೀನಿ. ಈಗ ಕೊಡಬೇಡ ಅಂದ್ರೆ ನಾನೆಲ್ಲಿಗೆ ಹೋಗಲಿ?"

ಅವಳು ಅಂಗಿಯನ್ನು ಮೇಜಿನ ಮೇಲಿಟ್ಟು ಎದುರಿನ ಮಣೆಯ ಮೇಲೆ ಕೂತಳು. ಭಯ ಏರಿತು. ಕಿವಿಯಲ್ಲಿ ಗುಂಯ್‌ಗುಟ್ಟಿತು. ಸೂಜಿ ಕಂಡಿತು, ಮಗು ಕಂಡಿತು, ಮಗುವಿನ ಪಕ್ಕೆ ಕಂಡಿತು. ಎದ್ದರೆ ನಾಲ್ಕು ಹೆಜ್ಜೆ. ಏಳಲಿಲ್ಲ. ಇನ್ನು ತಡೆಯಲಾರೆ ಎನ್ನಿಸಿದ ಮೇಲೂ ಅದು ಏರಿತು. ಆಮೇಲೆ ಏರುವುದಕ್ಕೆ ಜಾಗ ಮುಗಿಯಿತೋ ಏನೋ, ಅಲ್ಲೇ ನಿಂತಿತು. ಒಲೆಯಿಂದ ಕೆಳಗಿಟ್ಟ ಹಾಲು ಕುಸಿಯುವ ಹಾಗೆ ಇಷ್ಟಿಷ್ಟೇ ಕುಸಿಯತೊಡಗಿತು. ಯಾರೂ ಏನೂ ಹೇಳಿರಲಿಲ್ಲ, ಯಾರೂ ಏನೂ ನೋಡಿರಲಿಲ್ಲ. ಅಂಗಿಯಲ್ಲಿ ಸೂಜಿ ಇದೆಯೋ ಇಲ್ಲವೋ ಮೊದಲಿನಷ್ಟೇ ಗೊತ್ತಿರಲಿಲ್ಲ. ಆದರೂ ಅದು ಇಳಿಯುತ್ತಿತ್ತು. ಸೂರ್ಯ ಮುಳುಗುವುದನ್ನು ಮೊದಲ ಸಲ ಕಂಡವಳ ಹಾಗೆ ಅವಳು ಅಲುಗಾಡದೆ ನೋಡುತ್ತ ಕೂತಳು.

"ರೀ," ಎಂದಳು ಬಹಳ ಹೊತ್ತಿನ ಮೇಲೆ. "ಇಳೀತಿದೆ."

"ಏನು?"

"ಅದೇ. ಯಾರೂ ಇಳಿಸದೆ ಇಳೀತಿದೆ."

ಅವನು ಹತ್ತಿರ ಬಂದು ನಿಂತ. ಏನಾದರೂ ಹೇಳಬೇಕೆಂದು ಬಾಯಿ ತೆರೆದು, ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ತಿಳಿಯದೆ, ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟ.

ಆರು ವಾರ ಮುಗಿದು ಎರಡು ತಿಂಗಳಾಯಿತು. ಅಸಲಿಯೋ ನಕಲಿಯೋ ಬೀಗದೊಳಗೇ ಇತ್ತು. ಪ್ರತಿ ದಿನವೂ ಗೆಲುವಿನ ದಿನವಾಗಿರಲಿಲ್ಲ. ಎರಡು ಸಲ ಕದ್ದು ತಡಕಿದ್ದಳು, ಹೋಗಿ ಡಾಕ್ಟರಮ್ಮನ ಮುಂದೆ ಒಪ್ಪಿಕೊಂಡಿದ್ದಳು. ಸರಳಿನ ಮೇಲಿನ ಬಟ್ಟೆಗಳು ಒಂದೊಂದಾಗಿ ಮನೆ ಸೇರಿದ್ದವು. ಆದರೆ ಅವೆಲ್ಲ ಗೊತ್ತಿದ್ದ ಮನೆಗಳು. ತಡೆಯಲಾಗದಿದ್ದರೆ ಹೋಗಿ ಬಾಗಿಲು ತಟ್ಟಬಹುದು ಎಂಬ ಧೈರ್ಯವನ್ನು ಅವಳು ಒಳಗೊಳಗೇ ಇಟ್ಟುಕೊಂಡಿದ್ದಳು. ಅದನ್ನು ಡಾಕ್ಟರಮ್ಮನಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಮಗುವನ್ನು ಮೈಯಿಂದ ದೂರ ಎತ್ತಿ ಹಿಡಿದುಕೊಂಡು ಅಂಗಡಿಗೆ ನುಗ್ಗಿದಳು. ಮೂರು ವರ್ಷದ ಹೆಣ್ಣುಮಗು. ಎದೆಯಿಂದ ಮೊಣಕಾಲಿನವರೆಗೆ ವಾಂತಿ.

"ಅಕ್ಕಾ, ಬಸ್ಸಲ್ಲಿ ಹೀಗೆ ಮಾಡ್ಕೊಂಡಿದೆ. ಬ್ಯಾಗೆಲ್ಲ ಮೇಲ್ಗಡೆ ಕಟ್ಟಿಬಿಟ್ಟಿದ್ದಾರೆ. ಐದು ನಿಮಿಷಕ್ಕೆ ಬಸ್ ಬಿಡುತ್ತಂತೆ. ಇವಳಿಗಾಗೋ ಅಂಥದ್ದು ಯಾವುದಾದ್ರೂ ರೆಡಿ ಇದೆಯಾ?"

ಆ ಬೆಳಿಗ್ಗೆಯಷ್ಟೇ ಮುಗಿಸಿದ ಹಳದಿ ಫ್ರಾಕು ಮೇಜಿನ ಮೇಲಿತ್ತು. ಅದನ್ನಿನ್ನೂ ಒಂದು ಸಲವೂ ನೋಡಿರಲಿಲ್ಲ. ಟೈಲರಕ್ಕ ಅದನ್ನೆತ್ತಿಕೊಂಡು ಒಳಗೊಮ್ಮೆ ಹೊರಗೊಮ್ಮೆ ಕೈಯಾಡಿಸಿದಳು. ಅಷ್ಟರಲ್ಲಿ ಹೆಂಗಸು ಮಗುವನ್ನು ಮಣೆಯ ಮೇಲೆ ನಿಲ್ಲಿಸಿ, ಕೊಳೆ ಬಟ್ಟೆ ಕಳಚಿ, ಒದ್ದೆ ಟವೆಲಿನಿಂದ ಒರೆಸಿ ಮುಗಿಸಿದ್ದಳು.

"ಕೊಡಿ ಅಕ್ಕ."

ಟೈಲರಕ್ಕನ ಕೈ ಬಿಡಲಿಲ್ಲ. ಇವಳ ಮನೆ ಎಲ್ಲಿದೆಯೋ. ಊರು ಯಾವುದೋ. ಈ ಬಾಗಿಲು ದಾಟಿದರೆ ಈ ಫ್ರಾಕಿನ ಸುದ್ದಿ ಈ ಜನ್ಮದಲ್ಲಿ ತನಗೆ ಸಿಗುವುದಿಲ್ಲ.

"ಏನಕ್ಕ, ಯಾರಿಗಾದ್ರೂ ಹೊಲಿದದ್ದಾ?"

"ಇಲ್ಲ," ಎಂದಳು ಟೈಲರಕ್ಕ. "ನಾನೇ ಹಾಕ್ತೀನಿ, ತಡಿ."

ಮಗು ಯಾರೂ ಹೇಳದೆ ಎರಡೂ ಕೈ ಮೇಲೆತ್ತಿತು. ಬತ್ತಲೆ ಹೊಟ್ಟೆ ಮುಂದೆ ಮಾಡಿ, ಕಣ್ಣು ಮುಚ್ಚಿ, ಅವಳ ಮುಖವನ್ನು ಹಿಂದೆಂದೂ ಕಂಡಿರದ ಮಗು ಅವಳ ಮುಂದೆ ಕೈ ಎತ್ತಿ ನಿಂತಿತು. ಟೈಲರಕ್ಕ ಫ್ರಾಕನ್ನು ತಲೆಯ ಮೇಲಿಂದ ಇಳಿಬಿಟ್ಟಳು. ಒಂದು ಗಳಿಗೆ ಮಗು ಹಳದಿ ಬಟ್ಟೆಯೊಳಗೆ ಮಾಯವಾಯಿತು. ಒಳಗೆ ಉಸಿರಾಡುವುದು ಮಾತ್ರ ತಿಳಿಯುತ್ತಿತ್ತು. ಆಮೇಲೆ ಕುತ್ತಿಗೆಯ ತೂತಿನಿಂದ ಕೆದರಿದ ಕೂದಲು ಬಂತು, ಹಣೆ ಬಂತು, ಕಣ್ಣು ಬಂದವು.

"ನಿಮ್ಮ ಕೈ ತಣ್ಣಗಿದೆ," ಎಂದಿತು ಮಗು.

"ಹೌದು ಮರಿ," ಎಂದಳು ಟೈಲರಕ್ಕ.

ಹಾರನ್ ಕೇಳಿಸಿತು. ಹೆಂಗಸು ನೋಟನ್ನು ಮೇಜಿನ ಮೇಲಿಟ್ಟು, ಮಗುವನ್ನು ಸೊಂಟಕ್ಕೇರಿಸಿ ಓಡಿದಳು. ಟೈಲರಕ್ಕ ಬಾಗಿಲಿಗೆ ಬಂದಳು. ಗಂಡ ಆಗಲೇ ಅಲ್ಲಿ ನಿಂತಿದ್ದ. ಬಸ್ಸಿನ ನಂಬರು ನೋಡಿದರೆ ಸಾಕು, ಅದು ಎಲ್ಲೆಲ್ಲಿ ನಿಲ್ಲುತ್ತದೆ, ಯಾವ ಊರಲ್ಲಿ ಕೊನೆ, ನಾಳೆ ಎಷ್ಟು ಗಂಟೆಗೆ ವಾಪಸು, ಕಂಡಕ್ಟರ್ ಯಾರು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಅವಳು ಅವನ ಕಡೆ ತಿರುಗಿದಳು. ಅವನು ತುಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ.

ಬಸ್ಸು ಹಿಂದಕ್ಕೆ ಸರಿದು, ಮೈ ತಿರುಗಿಸಿ, ರಸ್ತೆಗೆ ಬಿತ್ತು. ಕೊನೆಯ ಕಿಟಕಿಯಲ್ಲಿ ಒಂದು ಹಳದಿ ತೋಳು ಹೊರಗೆ ಬಂದು ಆಡತೊಡಗಿತು. ಅಂಗಡಿಯ ಕಡೆಗೋ, ದೀಪದ ಕಂಬಕ್ಕೋ, ಹಣ್ಣಿನ ಗಾಡಿಯವನಿಗೋ, ಸುಮ್ಮನೆ ಬೀಸುವ ಗಾಳಿಗೋ. ಬಸ್ಸು ತಿರುವು ದಾಟುವವರೆಗೂ ಅದು ಆಡುತ್ತಲೇ ಇತ್ತು.